ಕೊಟ್ಟ ಮಾತು, ಇಟ್ಟ ಟೇಪು: ಬಾಸ್ಟನ್ ಕಾಲೇಜಿನ ಬೆಲ್‌ಫಾಸ್ಟ್ ಪ್ರಾಜೆಕ್ಟ್, ಒಂದು ಪ್ರಕರಣ ಅಧ್ಯಯನ

ಸಮುದಾಯದ ನೆನಪುಗಳನ್ನು ಕಾಪಿಡುವ ಕೆಲಸ ಎಂದೊಡನೆ ಮೊದಲು ಮಾತಿಗೆ ಬರುವುದು ರೆಕಾರ್ಡರು, ಮೈಕು, ಹಾರ್ಡ್‌ಡಿಸ್ಕು. ಟೇಪು ಬೂಸ್ಟು ಹಿಡಿಯುತ್ತದೆ, ಡಿಸ್ಕು ಕೈಕೊಡುತ್ತದೆ, ಫೈಲು ಹಳತಾಗಿ ತೆರೆಯದಾಗುತ್ತದೆ ಎಂಬ ಭಯ. ಆ ಭಯ ಸರಿಯಾದದ್ದೇ. ಆದರೆ ಈ ಕ್ಷೇತ್ರದಲ್ಲಿ ಅತಿ ಹೆಚ್ಚು ಚರ್ಚೆಯಾದ ಸೋಲಿನಲ್ಲಿ ಒಂದು ಟೇಪೂ ಬೂಸ್ಟು ಹಿಡಿದು ಹಾಳಾಗಲಿಲ್ಲ. ಧ್ವನಿಗಳು ಭದ್ರವಾಗಿದ್ದವು. ಕೆಟ್ಟದ್ದು ಒಂದು ಕಾಗದ: ಮಾತಾಡಿದವರು ರುಜು ಹಾಕಿದ ದಾನಪತ್ರ. ಅದರಲ್ಲಿದ್ದ ಭರವಸೆ ಗ್ರಂಥಾಲಯದ ಕೈಗೆ ಮೀರಿದ್ದಾಗಿತ್ತು. ಆ ಒಂದು ಕಾಗದದಿಂದ ಏನೇನಾಯಿತು, ಯಾವ ಹಂತದಲ್ಲಿ ಏನು ಮಾಡಿದ್ದರೆ ತಪ್ಪಿಸಬಹುದಿತ್ತು ಎಂಬುದೇ ಈ ಅಧ್ಯಯನದ ವಿಷಯ.

ಪ್ರಕರಣದ ಹಿನ್ನೆಲೆ

ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿರುವ ಬಾಸ್ಟನ್ ಕಾಲೇಜು ಹೆಸರಿಗೆ ಕಾಲೇಜು, ಅಸಲಿಗೆ ದೊಡ್ಡ ವಿಶ್ವವಿದ್ಯಾಲಯ. ಅದರ ಜಾನ್ ಜೆ. ಬರ್ನ್ಸ್ ಗ್ರಂಥಾಲಯ ಐರಿಷ್ ಇತಿಹಾಸದ ಸಂಗ್ರಹಕ್ಕೆ ಹೆಸರುವಾಸಿ. ಉತ್ತರ ಐರ್ಲೆಂಡಿನಲ್ಲಿ ಮೂರು ದಶಕ ನಡೆದ ಹಿಂಸಾಚಾರಕ್ಕೆ 1998ರ ಏಪ್ರಿಲ್ 10ರ ಗುಡ್ ಫ್ರೈಡೇ ಒಪ್ಪಂದ ಬಹುಮಟ್ಟಿಗೆ ತೆರೆ ಎಳೆದಿತ್ತು. ಬಂದೂಕು ಹಿಡಿದಿದ್ದ ತಲೆಮಾರು ಮುಪ್ಪಿನತ್ತ ಸಾಗಿತ್ತು. ಅವರು ತೀರಿಹೋಗುವ ಮೊದಲು ಅವರ ಬಾಯಿಂದಲೇ ಕೇಳಿ ಇಡಬೇಕೆಂಬ ಯೋಚನೆಯಿಂದ ಹುಟ್ಟಿದ್ದು ಬೆಲ್‌ಫಾಸ್ಟ್ ಪ್ರಾಜೆಕ್ಟ್. 2001ರಲ್ಲಿ ಶುರುವಾಗಿ 2006ರಲ್ಲಿ ಮುಗಿಯಿತು.

ಯೋಜನೆಯ ನಿರ್ದೇಶಕರು ಪತ್ರಕರ್ತ ಎಡ್ ಮೊಲೊನಿ. ಉತ್ತರ ಐರ್ಲೆಂಡು ಬ್ರಿಟನ್ನಿನಿಂದ ಬೇರೆಯಾಗಿ ಐರ್ಲೆಂಡಿಗೆ ಸೇರಬೇಕೆಂದು ಹೋರಾಡಿದ ರಿಪಬ್ಲಿಕನ್ ಕಡೆಯವರನ್ನು, ಎಂದರೆ ಐರಿಷ್ ರಿಪಬ್ಲಿಕನ್ ಆರ್ಮಿ ಎಂಬ ಸಶಸ್ತ್ರ ಸಂಘಟನೆಯಾದ ಐಆರ್‌ಎಗೆ ಸೇರಿದ್ದವರನ್ನು, ಸಂದರ್ಶಿಸಿದವರು ಆಂಥನಿ ಮ್ಯಾಕಿಂಟೈರ್. ಅವರೂ ಹಿಂದೆ ಐಆರ್‌ಎಯಲ್ಲಿದ್ದು ಜೈಲುವಾಸ ಮುಗಿಸಿ, ಆಮೇಲೆ ಪಿಎಚ್‌ಡಿ ಮಾಡಿದವರು. ಬ್ರಿಟನ್ನಿನ ಜೊತೆಗೇ ಉಳಿಯಬೇಕೆಂದು ಹೋರಾಡಿದ ಲಾಯಲಿಸ್ಟ್ ಕಡೆಯವರನ್ನು ಸಂದರ್ಶಿಸಿದವರು ವಿಲ್ಸನ್ ಮ್ಯಾಕಾರ್ಥರ್. ಹೀಗೆ ಒಳಗಿನವರೇ ಕೇಳಲಿ ಎಂದು ತೀರ್ಮಾನಿಸಿದ್ದಕ್ಕೆ ಕಾರಣವಿತ್ತು. ಹೊರಗಿನ ಪ್ರೊಫೆಸರರ ಮುಂದೆ ಬಾಯಿಬಿಡದವರು ತಮ್ಮವರ ಮುಂದೆ ಬಿಡುತ್ತಾರೆ. ನಲವತ್ತಕ್ಕೂ ಹೆಚ್ಚು ಜನ ಮಾತಾಡಿದರು. ಧ್ವನಿಮುದ್ರಣ ಮತ್ತು ಅದರ ಬರಹರೂಪ ಅಟ್ಲಾಂಟಿಕ್ ದಾಟಿ ಬರ್ನ್ಸ್ ಗ್ರಂಥಾಲಯದ 'ಟ್ರೆಷರ್ ರೂಮ್' ಎಂಬ ಬೀಗ ಹಾಕಿದ ಕೋಣೆ ಸೇರಿದವು. ಹೆಸರಿನ ಬದಲು ಒಬ್ಬೊಬ್ಬರಿಗೂ ಒಂದು ಸಂಕೇತಾಕ್ಷರ.

ಬ್ರಿಟಿಷ್ ಪೊಲೀಸರ ಕೈಗೆ ಸಿಗದಂತೆ ಟೇಪುಗಳು ಅಮೆರಿಕದಲ್ಲಿರಲಿ ಎಂಬುದು ಲೆಕ್ಕಾಚಾರ. ಸಮುದ್ರ ದಾಟಿದರೆ ಕಾನೂನು ದಾಟಲಾರದು ಎಂಬ ಈ ನಂಬಿಕೆಯೇ ಇಡೀ ಕಟ್ಟಡದ ಬುನಾದಿಯಾಗಿತ್ತು. ಅಮೆರಿಕಕ್ಕೂ ಬ್ರಿಟನ್ನಿಗೂ ನಡುವೆ ಅಪರಾಧ ತನಿಖೆಗಳಲ್ಲಿ ಪರಸ್ಪರ ನೆರವಿನ ಒಪ್ಪಂದವಿದೆ. ಒಂದು ದೇಶದ ಪೊಲೀಸರು ಕೇಳಿದರೆ ಇನ್ನೊಂದು ದೇಶದ ಸರ್ಕಾರ ತನ್ನ ಕೋರ್ಟುಗಳ ಮೂಲಕ ದಾಖಲೆ ತರಿಸಿಕೊಡಬಹುದು. ಯೋಜನೆ ಶುರುವಾಗುವಾಗಲೇ ಈ ಒಪ್ಪಂದ ಜಾರಿಯಲ್ಲಿತ್ತು.

ಇನ್ನೊಂದು ವಿಷಯವನ್ನೂ ಮೊದಲೇ ಹೇಳಬೇಕು. 1998ರ ಒಪ್ಪಂದ ಕ್ಷಮಾದಾನವಲ್ಲ. ಅದಕ್ಕೂ ಹಿಂದಿನ ಹಿಂಸಾಚಾರದಲ್ಲಿ ತಪ್ಪಿತಸ್ಥರೆಂದು ತೀರ್ಪಾದವರು ಹೆಚ್ಚೆಂದರೆ ಎರಡು ವರ್ಷ ಒಳಗಿರಬೇಕು ಎಂದು ಆ ವರ್ಷದ ಕಾಯ್ದೆ ಹೇಳಿತು. ಮೊಕದ್ದಮೆಯೇ ಆಗದ ಹಳೆಯ ಕೊಲೆಗಳ ಕಡತ ತೆರೆದೇ ಇತ್ತು. ಜೊತೆಗೆ ಉತ್ತರ ಐರ್ಲೆಂಡಿನ 1967ರ ಕ್ರಿಮಿನಲ್ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ, ಗಂಭೀರ ಅಪರಾಧವೊಂದರ ಬಗ್ಗೆ ಉಪಯುಕ್ತ ಮಾಹಿತಿ ಗೊತ್ತಿದ್ದೂ ಸಕಾರಣವಿಲ್ಲದೆ ಪೊಲೀಸರಿಗೆ ತಿಳಿಸದಿರುವುದು ತಾನೇ ಒಂದು ಅಪರಾಧ. ಅಂದರೆ ಅಪಾಯ ಮಾತಾಡಿದವರಿಗೆ ಮಾತ್ರವಲ್ಲ, ಕೇಳಿಸಿಕೊಂಡವರಿಗೂ ಇತ್ತು.

ಎರಡು ಕಾಗದ, ಒಂದು ಬಿಟ್ಟುಹೋದ ವಾಕ್ಯ

ಈ ಪ್ರಕರಣದಲ್ಲಿ ಬಿಡಿಬಿಡಿಯಾಗಿ ನೋಡಬೇಕಾದದ್ದು ಎರಡು ಕಾಗದಗಳನ್ನು.

ಮೊದಲನೆಯದು ಬಾಸ್ಟನ್ ಕಾಲೇಜಿಗೂ ಯೋಜನಾ ನಿರ್ದೇಶಕರಿಗೂ 2001ರಲ್ಲಿ ಆದ ಕರಾರು. ಸಂದರ್ಶನದ ಷರತ್ತುಗಳನ್ನು, ಅಮೆರಿಕದ ಕಾನೂನು ಅವಕಾಶ ಕೊಡುವ ಮಟ್ಟಿಗೆ, ಖಾತರಿಪಡಿಸುವ ಒಪ್ಪಂದವನ್ನು ಪ್ರತಿ ಸಂದರ್ಶಿತರಿಗೂ ಕೊಡಬೇಕು ಎಂದು ಅದರಲ್ಲಿತ್ತು.

ಎರಡನೆಯದು ಸಂದರ್ಶಿತರು ರುಜು ಹಾಕಿದ ದಾನಪತ್ರ. ಸಂದರ್ಶಿತರು ಬದುಕಿರುವವರೆಗೆ ಅವರ ಲಿಖಿತ ಒಪ್ಪಿಗೆಯಿಲ್ಲದೆ ಟೇಪೂ ಬರಹವೂ ಯಾರಿಗೂ ಸಿಗದು, ಬಿಡುಗಡೆ ಮಾಡುವ ಅಂತಿಮ ಅಧಿಕಾರ ಅವರದೇ, ಅವರ ನಂತರ ಆ ಅಧಿಕಾರ ಬರ್ನ್ಸ್ ಗ್ರಂಥಪಾಲಕರದು: ಇದು ಅದರ ಸಾರಾಂಶ. ಇಲ್ಲಿ 'ಕಾನೂನು ಅವಕಾಶ ಕೊಡುವ ಮಟ್ಟಿಗೆ' ಎಂಬ ಮಾತೇ ಇರಲಿಲ್ಲ.

ಸಂಸ್ಥೆಯ ಕಪಾಟಿನಲ್ಲಿದ್ದ ಕಾಗದದಲ್ಲಿ ಮಿತಿ ಬರೆದಿತ್ತು. ಪ್ರಾಣವನ್ನು ಪಣಕ್ಕಿಟ್ಟವರ ಕೈಯಲ್ಲಿದ್ದ ಕಾಗದದಲ್ಲಿ ಇರಲಿಲ್ಲ. ಒಬ್ಬ ಮಾಜಿ ಹೋರಾಟಗಾರ ಅಡುಗೆಮನೆಯ ಮೇಜಿನ ಮುಂದೆ ಕೂತು 'ಅಂತಿಮ ಅಧಿಕಾರ ನನ್ನದು' ಎಂಬ ಸಾಲನ್ನು ಓದಿದರೆ, ಕೋರ್ಟೂ ಬಂದು ಕೇಳುವ ಹಾಗಿಲ್ಲ ಎಂದೇ ಅರ್ಥ ಮಾಡಿಕೊಳ್ಳುತ್ತಾರೆ. ಬೇರೆ ಅರ್ಥ ಹೊಳೆಯಲು ಆ ಸಾಲಿನಲ್ಲಿ ಜಾಗವೇ ಇಲ್ಲ. ಈ ಅಂತರ ಯಾರ ತಪ್ಪು ಎಂಬ ಬಗ್ಗೆ ಕಾಲೇಜಿಗೂ ಸಂಶೋಧಕರಿಗೂ ವರ್ಷಗಟ್ಟಲೆ ಜಟಾಪಟಿ ನಡೆಯಿತು. ಪತ್ರಾಗಾರದ ಕೆಲಸ ಮಾಡುವವರಿಗೆ ಆ ಜಟಾಪಟಿಗಿಂತ ಮುಖ್ಯವಾದ ಪ್ರಶ್ನೆ ಬೇರೆ: ಎರಡೂ ಕಾಗದಗಳನ್ನು ಒಂದೇ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಹೋಲಿಸಿ ನೋಡುವ ಜವಾಬ್ದಾರಿ ಯಾರದಾಗಿತ್ತು? ಅಂಥ ಕೆಲಸಕ್ಕೆ ಬೇಕಾದದ್ದು ಅರ್ಧ ಗಂಟೆ.

ಸತ್ತ ಮೇಲೆ ತೆರೆಯುವ ಬೀಗ

ದಾನಪತ್ರದ ಇನ್ನೊಂದು ದೋಷ ಮೇಲ್ನೋಟಕ್ಕೆ ಕಾಣುವುದಿಲ್ಲ. ಬೀಗಕ್ಕೆ ಕಟ್ಟಿದ್ದು ಒಂದೇ ಷರತ್ತು: ಮಾತಾಡಿದವರ ಸಾವು. ಸತ್ತವರಿಗೆ ಇನ್ನು ಅಪಾಯವಿಲ್ಲ, ಆದ್ದರಿಂದ ತೆರೆಯಬಹುದು ಎಂಬ ತರ್ಕ. ಆದರೆ ಯಾರೂ ತಮ್ಮೊಬ್ಬರ ಬಗ್ಗೆಯೇ ಮಾತಾಡುವುದಿಲ್ಲ. ಜೊತೆಗಿದ್ದವರು, ಆಜ್ಞೆ ಕೊಟ್ಟವರು, ಕಾರು ಓಡಿಸಿದವರು ಎಲ್ಲರೂ ಕತೆಯೊಳಗಿರುತ್ತಾರೆ, ಅವರಲ್ಲಿ ಹಲವರು ಬದುಕಿರುತ್ತಾರೆ. ಒಬ್ಬರ ಸಾವು ಇನ್ನೊಬ್ಬರ ಗುಟ್ಟಿನ ಬೀಗ ತೆರೆಯುತ್ತದೆ.

ಆದದ್ದೂ ಹಾಗೆಯೇ. ಲಾಯಲಿಸ್ಟ್ ರಾಜಕಾರಣಿ ಡೇವಿಡ್ ಅರ್ವಿನ್ 2007ರ ಜನವರಿಯಲ್ಲಿ, ಐಆರ್‌ಎಯ ಹಿಂದಿನ ಕಮಾಂಡರ್ ಬ್ರೆಂಡನ್ ಹ್ಯೂಸ್ 2008ರ ಫೆಬ್ರವರಿಯಲ್ಲಿ ತೀರಿಕೊಂಡರು. ಇಬ್ಬರ ಸಂದರ್ಶನಗಳನ್ನು ಆಧರಿಸಿ ಮೊಲೊನಿ 2010ರಲ್ಲಿ 'ವಾಯ್ಸಸ್ ಫ್ರಮ್ ದ ಗ್ರೇವ್' ಪುಸ್ತಕ ಹೊರತಂದರು. ಅದರಲ್ಲಿ ಹ್ಯೂಸ್ ಜೀನ್ ಮೆಕಾನ್‌ವಿಲ್ ಕೊಲೆಯ ಬಗ್ಗೆ ಮಾತಾಡಿದ್ದರು. ಹತ್ತು ಮಕ್ಕಳ ವಿಧವೆ ತಾಯಿ ಮೆಕಾನ್‌ವಿಲ್ ಅವರನ್ನು 1972ರ ಡಿಸೆಂಬರಿನಲ್ಲಿ ಬೆಲ್‌ಫಾಸ್ಟಿನ ಮನೆಯಿಂದ ಎಳೆದೊಯ್ದು ಕೊಂದು ಗುಟ್ಟಾಗಿ ಹೂಳಲಾಗಿತ್ತು. ಶವ ಸಿಕ್ಕಿದ್ದು 2003ರ ಆಗಸ್ಟಿನಲ್ಲಿ, ಲೌತ್ ಕೌಂಟಿಯ ಸಮುದ್ರತೀರದಲ್ಲಿ. ಕೊಲೆಗೆ ಆಜ್ಞೆ ಕೊಟ್ಟವರು ರಾಜಕಾರಣಿ ಜೆರ್ರಿ ಆಡಮ್ಸ್ ಎಂದು ಹ್ಯೂಸ್ ಆಪಾದಿಸಿದ್ದರು. ಆಡಮ್ಸ್ ಅದನ್ನು ಯಾವತ್ತೂ ನಿರಾಕರಿಸಿದ್ದಾರೆ.

ಮೂವತ್ತು ವರ್ಷ ತಾಯಿಯ ಮೂಳೆಗಾಗಿ ಹುಡುಕಿದ ಮಕ್ಕಳ ಕಡೆಯಿಂದಲೂ ಇದನ್ನು ನೋಡಬೇಕು. ಸಂಶೋಧನೆಯ ಗೌಪ್ಯತೆ ಎಂಬುದು ಅವರ ಪಾಲಿಗೆ ಕೊಲೆಯ ವಿವರ ಬಲ್ಲವರು ಒಂದು ಗ್ರಂಥಾಲಯದಲ್ಲಿ ಬೀಗ ಹಾಕಿಸಿ ಇಟ್ಟ ಉತ್ತರ. ಸಮುದಾಯದ ಕತೆ ಎನ್ನುವಾಗ ಮೈಕಿನ ಮುಂದೆ ಕೂತವರಷ್ಟೇ ಸಮುದಾಯವಲ್ಲ. ಈ ಪ್ರಕರಣದ ಬಗ್ಗೆ ಬರೆಯುವ ಎಷ್ಟೋ ವಿದ್ವಾಂಸರು ಈ ಮಾತನ್ನು ಅವಸರದಲ್ಲಿ ದಾಟಿಬಿಡುತ್ತಾರೆ.

ಪುಸ್ತಕ ಬಂದ ಮೇಲೆ ಸಂಗ್ರಹವಿದೆ ಎಂಬುದು ಜಗಜ್ಜಾಹೀರಾಯಿತು. ಅದೇ 2010ರಲ್ಲಿ, ಐಆರ್‌ಎಯಲ್ಲಿದ್ದ ಡೊಲರ್ಸ್ ಪ್ರೈಸ್ ಪತ್ರಿಕೆಯೊಂದಕ್ಕೆ ಮಾತಾಡಿದ್ದರು. ತಾವು ಬಾಸ್ಟನ್ ಯೋಜನೆಗೂ ಸಂದರ್ಶನ ಕೊಟ್ಟದ್ದು ಹೊರಬಿತ್ತು. ಸಂಕೇತಾಕ್ಷರದ ಪರದೆ ಇಲ್ಲಿಗೆ ನಿರರ್ಥಕವಾಯಿತು. ಬೀಗ ಹಾಕಿದ ಪೆಟ್ಟಿಗೆಯೊಳಗೆ ಏನಿದೆ ಎಂದು ಊರಿಗೇ ಸಾರಿದ ಮೇಲೆ ಬೀಗಕ್ಕೆ ಏನು ಬೆಲೆ?

ಕೋರ್ಟಿನ ಮೆಟ್ಟಿಲು

2011ರ ಮೇ ತಿಂಗಳಲ್ಲಿ, ಬ್ರಿಟನ್ ಆ ಪರಸ್ಪರ ನೆರವಿನ ಒಪ್ಪಂದದಡಿ ಕೇಳಿದ್ದರಿಂದ, ಕಾಲೇಜಿಗೆ ಮೊದಲ ಸಮನ್ಸ್ ಬಂತು: ಹ್ಯೂಸ್ ಮತ್ತು ಪ್ರೈಸ್ ಇಬ್ಬರ ಸಂದರ್ಶನ ಕೊಡಿ. ಹ್ಯೂಸ್ ತೀರಿಹೋಗಿದ್ದರಿಂದ ಅವರದನ್ನು ಕಾಲೇಜು ಕೊಟ್ಟಿತು, ಪ್ರೈಸ್ ಅವರದನ್ನು ಕೊಡಲು ಒಪ್ಪದೆ ಕೋರ್ಟಿಗೆ ಹೋಯಿತು. ಆಗಸ್ಟಿನಲ್ಲಿ ಎರಡನೇ ಸಮನ್ಸ್. ಈ ಸಲ ಹೆಸರುಗಳಿಲ್ಲ: ಮೆಕಾನ್‌ವಿಲ್ ಅಪಹರಣದ ಬಗ್ಗೆ ಮಾಹಿತಿ ಇರುವ ಎಲ್ಲ ಸಂದರ್ಶನಗಳೂ ಬೇಕು.

ಇಲ್ಲಿ ಗ್ರಂಥಾಲಯಗಳೆಲ್ಲ ಗಮನಿಸಬೇಕಾದ ಘಟನೆ ನಡೆಯಿತು. ಯಾವ ಸಂದರ್ಶನದಲ್ಲಿ ಆ ವಿಷಯ ಬರುತ್ತದೆ ಎಂದು ಕೋರ್ಟು ಕೇಳಿದಾಗ, ತಾವು ಸಂದರ್ಶನಗಳನ್ನು ಓದಿಲ್ಲ, ಹೇಳಲಾರೆ ಎಂದು ಗ್ರಂಥಪಾಲಕರು ತಿಳಿಸಿದರು. ಸಂದರ್ಶಕರು ನೆರವಾಗಲು ಒಪ್ಪಲಿಲ್ಲ. ಕೊನೆಗೆ ರಿಪಬ್ಲಿಕನ್ ಕಡೆಯ 24 ಜನರ 176 ಸಂದರ್ಶನಗಳ ಬರಹರೂಪ ಇಡಿಯಾಗಿ ನ್ಯಾಯಾಧೀಶ ವಿಲಿಯಂ ಯಂಗ್ ಅವರ ಕೊಠಡಿಗೆ ಹೋಯಿತು. ಅವರೇ ಕೂತು ಓದಿ, 85 ಸಂದರ್ಶನಗಳನ್ನು ಕೊಡಬೇಕೆಂದು ಆದೇಶಿಸಿದರು. ಕಾಲೇಜು ಮೇಲ್ಮನವಿಗೆ ಹೋಯಿತು. 2013ರ ಮೇ 31ರಂದು ಬಾಸ್ಟನ್ನಿನ ಫಸ್ಟ್ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ಆ 85ರಲ್ಲಿ ಬಹುಪಾಲು ಕೇಳಿದ ವಿಷಯಕ್ಕೆ ಸಂಬಂಧಿಸಿದ್ದಲ್ಲ ಎಂದು ನೋಡಿ, ಸಂಖ್ಯೆಯನ್ನು 11ಕ್ಕೆ ಇಳಿಸಿತು.

176, 85, 11. ಈ ಮೂರು ಅಂಕಿಗಳ ನಡುವಿನ ಅಂತರವೇ ಸೂಚಿ ಇಲ್ಲದ ಸಂಗ್ರಹದ ಬೆಲೆ. ಒಳಗೇನಿದೆ ಎಂದು ಸಂಸ್ಥೆಗೇ ಗೊತ್ತಿಲ್ಲದಿದ್ದರೆ ಕೇಳಿದಷ್ಟನ್ನು ಮಾತ್ರ ಕೊಡುವ ದಾರಿ ಮುಚ್ಚಿಹೋಗುತ್ತದೆ. ಓದದೆ ಇಡುವುದೇ ಗೌರವ, ಓದದಿದ್ದರೆ ಹೊಣೆಯಿಲ್ಲ ಎಂಬ ಭಾವನೆ ಈ ವೃತ್ತಿಯಲ್ಲಿ ಇನ್ನೂ ಇದೆ. ಈ ಪ್ರಕರಣ ಅದನ್ನು ಬುಡಮೇಲು ಮಾಡುತ್ತದೆ.

ಸಂಶೋಧಕರಿಗೆ ವಿಶೇಷ ರಕ್ಷಣೆ ಇದೆ ಎಂಬ ವಾದ ನಿಲ್ಲಲಿಲ್ಲ. ಪತ್ರಕರ್ತರು ತಮ್ಮ ಮೂಲಗಳಿಗೆ ಕೊಟ್ಟ ಗೌಪ್ಯತೆಯ ಮಾತು ಅಪರಾಧ ತನಿಖೆಯ ಮುಂದೆ ನಿಲ್ಲದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1972ರ ಬ್ರಾನ್ಸ್‌ಬರ್ಗ್ ಪ್ರಕರಣದಲ್ಲೇ ಹೇಳಿತ್ತು. ಸಂಶೋಧಕರ ಮಾತು ಅದಕ್ಕಿಂತ ಗಟ್ಟಿಯಲ್ಲ ಎಂದು 2012ರ ಜುಲೈನಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಮಾನಿಸಿತು. ಮೊಲೊನಿ ಮತ್ತು ಮ್ಯಾಕಿಂಟೈರ್ ಸುಪ್ರೀಂ ಕೋರ್ಟಿಗೆ ಹೋದರು. 2013ರ ಏಪ್ರಿಲ್‌ನಲ್ಲಿ ಅದು ಅರ್ಜಿಯನ್ನು ವಿಚಾರಣೆಗೇ ತೆಗೆದುಕೊಳ್ಳಲಿಲ್ಲ. ಅಷ್ಟರಲ್ಲಿ ಪ್ರೈಸ್ ತೀರಿಕೊಂಡಿದ್ದರು.

ಕಾನೂನು ಗೌಪ್ಯತೆ ಕೊಡುವುದೇ ಇಲ್ಲ ಎಂದಲ್ಲ. ಉತ್ತರ ಐರ್ಲೆಂಡಿನಲ್ಲೇ ಅದಕ್ಕೆ ಉದಾಹರಣೆ ಇತ್ತು. ಕೊಂದು ಗುಟ್ಟಾಗಿ ಹೂತವರ ಶವಗಳನ್ನು ಪತ್ತೆಮಾಡಲು 1999ರಲ್ಲಿ ಬ್ರಿಟನ್ ಮತ್ತು ಐರ್ಲೆಂಡ್ ಎರಡೂ ಕಾಯ್ದೆ ಮಾಡಿ ಒಂದು ಆಯೋಗ ರಚಿಸಿದವು. ಆ ಆಯೋಗಕ್ಕೆ ಕೊಟ್ಟ ಸುಳಿವನ್ನು ಕ್ರಿಮಿನಲ್ ಮೊಕದ್ದಮೆಯಲ್ಲಿ ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂದು ಕಾಯ್ದೆಯಲ್ಲೇ ಬರೆದಿದೆ. ಅದೇ ನೆಲ, ಅದೇ ಜನ, ಅದೇ ಬಗೆಯ ಗುಟ್ಟು. ಒಂದು ಮಾತಿಗೆ ಸಂಸತ್ತಿನ ಬೆಂಬಲವಿತ್ತು, ಇನ್ನೊಂದಕ್ಕೆ ಗ್ರಂಥಾಲಯದ ಲೆಟರ್‌ಹೆಡ್ ಮಾತ್ರ.

ಟೇಪುಗಳ ಕೊನೆ

2014ರ ಏಪ್ರಿಲ್ 30ರಂದು ಉತ್ತರ ಐರ್ಲೆಂಡ್ ಪೊಲೀಸರು ಆಡಮ್ಸ್ ಅವರನ್ನು ಬಂಧಿಸಿ ನಾಲ್ಕು ದಿನ ವಿಚಾರಿಸಿ, ದೋಷಾರೋಪವಿಲ್ಲದೆ ಬಿಟ್ಟರು. ಅದೇ ವರ್ಷದ ಮೇ ತಿಂಗಳಲ್ಲಿ, ಕೇಳಿದ ಸಂದರ್ಶಿತರಿಗೆ ಅವರವರ ಟೇಪುಗಳನ್ನು ಹಿಂತಿರುಗಿಸುವುದಾಗಿ ಬಾಸ್ಟನ್ ಕಾಲೇಜು ಪ್ರಕಟಿಸಿತು. ಮುಂದಿನ ಶತಮಾನದ ಓದುಗರಿಗಾಗಿ ಎಂದು ಕೂಡಿಸಿಟ್ಟ ಸಂಗ್ರಹವನ್ನು ಕೂಡಿಸಿದ ಗ್ರಂಥಾಲಯವೇ ಬಿಚ್ಚಿ ಹಂಚಬೇಕಾಯಿತು. ಪತ್ರಾಗಾರವೊಂದಕ್ಕೆ ಬೆಂಕಿ ಬಿದ್ದರೂ ಇದಕ್ಕಿಂತ ಹೆಚ್ಚಿನ ನಷ್ಟವಾಗುತ್ತಿತ್ತೆಂದು ಹೇಳಲಾಗದು. ಬೆಂಕಿಯ ನಂತರ ಜನ ಮತ್ತೆ ಬಂದು ಮಾತಾಡುತ್ತಾರೆ.

2019ರ ಅಕ್ಟೋಬರಿನಲ್ಲಿ ಬೆಲ್‌ಫಾಸ್ಟಿನ ಕೋರ್ಟಿನಲ್ಲಿ ಈ ಟೇಪುಗಳು ಇನ್ನೊಂದು ಪರೀಕ್ಷೆಗೆ ಒಳಗಾದವು. 'ಝಡ್' ಎಂಬ ಸಂಕೇತಾಕ್ಷರದ ಸಂದರ್ಶನದ ಆಧಾರದ ಮೇಲೆ, ಮರೆಗುಳಿ ರೋಗಕ್ಕೆ ತುತ್ತಾಗಿದ್ದ ಒಬ್ಬ ಹಿರಿಯರ ಮೇಲೆ ಮೊಕದ್ದಮೆ ನಡೆದಿತ್ತು. ಟೇಪು ವಿಶ್ವಾಸಾರ್ಹವಲ್ಲ, ಸಾಕ್ಷ್ಯವಾಗಿ ಒಪ್ಪಲಾಗದು ಎಂದು ನ್ಯಾಯಾಧೀಶ ಓಹಾರಾ ತೀರ್ಪಿತ್ತರು; ಹಿರಿಯರು ನಿರ್ದೋಷಿ ಎಂದಾಯಿತು. ಸಂದರ್ಶಕರಿಗೆ ಮೊದಲೇ ಒಂದು ಪಕ್ಷಪಾತವಿತ್ತು, ಪ್ರಶ್ನೆಗಳು ಉತ್ತರವನ್ನು ಬಾಯಿಗೆ ತುರುಕುವಂತಿದ್ದವು ಎಂಬುದು ಒಂದು ಕಾರಣ. ಇನ್ನೊಂದು ಕಾರಣ ನಮ್ಮ ಪಾಲಿಗೆ ಹೆಚ್ಚು ಮುಖ್ಯ: ಯಾರಿಗೂ ಸಿಗದು ಎಂಬ ಭರವಸೆ ನಿಜ ಹೇಳುವ ಸ್ವಾತಂತ್ರ್ಯವನ್ನು ಕೊಟ್ಟಂತೆ ಸುಳ್ಳು ಹೇಳುವ, ಉಬ್ಬಿಸುವ, ಇನ್ನೊಬ್ಬರ ಮೇಲೆ ಹೊರಿಸುವ ಸ್ವಾತಂತ್ರ್ಯವನ್ನೂ ಕೊಟ್ಟಿತ್ತು. ಮಾತಿಗೆ ಹೊಣೆಯೇ ಇಲ್ಲದಿದ್ದಾಗ ಮಾತಿನ ತೂಕ ಇಳಿಯುತ್ತದೆ. ಇತಿಹಾಸಕಾರರಿಗೂ ಇದು ಅನ್ವಯಿಸುತ್ತದೆ, ಕೋರ್ಟಿಗೆ ಮಾತ್ರವಲ್ಲ.

ಇಂಥ ಸಂಗ್ರಹವನ್ನು ಹೇಗೆ ಕಟ್ಟಬೇಕು

ಪ್ರಕರಣದಿಂದ ಹೊರಡುವ ಕೆಲಸದ ಕ್ರಮವನ್ನು ಇಲ್ಲಿ ಬರೆಯುತ್ತೇವೆ. ಬಂದೂಕಿನ ಕತೆಯೇ ಆಗಬೇಕಿಲ್ಲ. ಜಮೀನು ವ್ಯಾಜ್ಯ, ಜಾತಿ ಘರ್ಷಣೆ, ಕಾರ್ಖಾನೆ ಮುಷ್ಕರ, ಕುಟುಂಬದೊಳಗಿನ ಹಿಂಸೆ, ಎಲ್ಲಿ ಬದುಕಿರುವವರ ಮೇಲೆ ಆಪಾದನೆ ಬರಬಹುದೋ ಅಲ್ಲೆಲ್ಲ ಇದು ಬೇಕಾಗುತ್ತದೆ.

ರೆಕಾರ್ಡರ್ ಕೊಳ್ಳುವ ಮೊದಲು ವಕೀಲರ ಹತ್ತಿರ ಹೋಗಬೇಕು, ಅದೂ ಎರಡು ಕಡೆಯವರ ಹತ್ತಿರ: ಟೇಪು ಇರುವ ಊರಿನ ಕಾನೂನು ಬಲ್ಲವರು ಮತ್ತು ಮಾತಾಡುವವರು ವಾಸಿಸುವ ಊರಿನ ಕಾನೂನು ಬಲ್ಲವರು. ಅವರಿಗೆ ಕೇಳಬೇಕಾದ ಪ್ರಶ್ನೆ 'ಗೌಪ್ಯತೆ ಇದೆಯೇ' ಎಂದಲ್ಲ. 'ಪೊಲೀಸರು ಕೇಳಿದರೆ ಕೊಡದಿರಲು ನಮಗೆ ಯಾವ ಕಾಯ್ದೆಯ ಯಾವ ಸೆಕ್ಷನ್ ಅಧಿಕಾರ ಕೊಡುತ್ತದೆ' ಎಂದು ಕೇಳಬೇಕು. ಸೆಕ್ಷನ್ ನಂಬರ್ ಬರದಿದ್ದರೆ ರಕ್ಷಣೆ ಇಲ್ಲ ಎಂದೇ ಲೆಕ್ಕ.

ಕಾಗದ ಮೂರಿರುತ್ತವೆ: ಸಂಸ್ಥೆ ಮತ್ತು ಸಂಶೋಧಕರ ಕರಾರು, ಮಾತಾಡುವವರಿಗೆ ಕೊಡುವ ಮಾಹಿತಿ ಹಾಳೆ, ದಾನಪತ್ರ. ಗೌಪ್ಯತೆಯ ವಾಕ್ಯ ಮೂರರಲ್ಲೂ ಅಕ್ಷರಕ್ಕೆ ಅಕ್ಷರ ಒಂದೇ ಆಗಿರಬೇಕು. ಒಬ್ಬರು ಓದುವುದು, ಇನ್ನೊಬ್ಬರು ಬೆರಳಿಟ್ಟು ಹೋಲಿಸುವುದು, ಈ ಹಳೆಯ ಕ್ರಮವೇ ಸಾಕು. ಆ ವಾಕ್ಯ ಸುಮಾರಾಗಿ ಹೀಗಿರಬಹುದು: 'ಈ ಧ್ವನಿಮುದ್ರಣವನ್ನು ಇಂಥ ದಿನಾಂಕದವರೆಗೆ ಗ್ರಂಥಾಲಯ ಸ್ವಇಚ್ಛೆಯಿಂದ ಯಾರಿಗೂ ಕೊಡುವುದಿಲ್ಲ. ಆದರೆ ಕೋರ್ಟು ಆದೇಶಿಸಿದರೆ ಕೊಡಬೇಕಾಗಬಹುದು. ನೀವು ಹೇಳಿದ್ದು ನಿಮ್ಮ ವಿರುದ್ಧವೋ ಇನ್ನೊಬ್ಬರ ವಿರುದ್ಧವೋ ಬಳಕೆಯಾಗಬಹುದು.' ಓದಲು ಹಿತವಾಗಿಲ್ಲ, ಹಿತವಾಗಿರಬೇಕಾದ್ದೂ ಇಲ್ಲ. ಇದನ್ನು ಕಾಗದದಲ್ಲಿ ಮಾತ್ರ ಇಡದೆ ಮೊದಲ ಕೂಟದ, ಅಂದರೆ ಮೊದಲ ಸಲ ಕೂತು ಮಾತಾಡುವ ಸಂದರ್ಶನದ, ಆರಂಭದಲ್ಲಿ ಜೋರಾಗಿ ಓದಿ, ಓದಿದ್ದೂ ಮಾತಾಡುವವರು ಒಪ್ಪಿದ್ದೂ ಮುದ್ರಣವಾಗುವಂತೆ ನೋಡಿಕೊಳ್ಳಬೇಕು.

ಸಂದರ್ಶಕರಿಗೆ ತರಬೇತಿ ಎಂದರೆ ಬರೀ ಒಳ್ಳೆಯ ಪ್ರಶ್ನೆ ಕೇಳುವುದಲ್ಲ. ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಹೆಚ್ಚು ಅಭ್ಯಾಸ ಮಾಡಿಸಬೇಕು. ಮಾತು ಇತ್ಯರ್ಥವಾಗದ ಅಪರಾಧದತ್ತ ಹೊರಳಿ, ಹೆಸರು, ಜಾಗ, ದಿನ ಮೂರೂ ಬರಲಿದೆ ಎಂದು ಅನ್ನಿಸಿದೊಡನೆ ಕೈ ಎತ್ತಿ ರೆಕಾರ್ಡರ್ ನಿಲ್ಲಿಸಬೇಕು. ಅಪಾಯವನ್ನು ಮತ್ತೆ ವಿವರಿಸಿ, ಮುಂದುವರಿಸಬೇಕೇ, ಹೆಸರು ಬಿಟ್ಟು ಹೇಳುತ್ತಾರೆಯೇ, ಆ ಭಾಗವೇ ಬೇಡವೇ ಎಂದು ಕೇಳಬೇಕು. ನಿಲ್ಲಿಸಿದ ಹೊತ್ತನ್ನೂ ಮತ್ತೆ ಶುರುಮಾಡಿದ ಹೊತ್ತನ್ನೂ ಬರೆದಿಡಬೇಕು, ಇಲ್ಲದಿದ್ದರೆ ಮುಂದೆ ಯಾರೋ ಟೇಪು ಕತ್ತರಿಸಿದ್ದಾರೆ ಎಂಬ ಅನುಮಾನಕ್ಕೆ ಎಡೆಯಾಗುತ್ತದೆ. ಹೀಗೆ ಮಾಡಿದರೆ ಇತಿಹಾಸ ಕಳೆದುಹೋಗುವುದಿಲ್ಲವೇ? ಸ್ವಲ್ಪ ಹೋಗುತ್ತದೆ. ಒಬ್ಬ ಮನುಷ್ಯ ಹದಿನೆಂಟರ ವಯಸ್ಸಿನಲ್ಲಿ ಯಾಕೆ ಬಂದೂಕು ಹಿಡಿದ, ಜೈಲಿನಲ್ಲಿ ಏನು ಓದಿದ, ಹೊರಬಂದಾಗ ಮಗಳು ಗುರುತಿಸಿದಳೇ ಎಂಬುದು ಉಳಿಯುತ್ತದೆ. ಇತಿಹಾಸಕ್ಕೆ ಅದರ ಬೆಲೆ ಕಡಿಮೆಯಲ್ಲ.

ಸಂಕೇತಾಕ್ಷರಗಳ ಮೇಲೆ ಹೆಚ್ಚು ಭರವಸೆ ಇಡಬಾರದು. ಹೆಸರಿನ ಪಟ್ಟಿಯನ್ನು ಟೇಪಿನ ಜೊತೆ ಇಡದೆ ಬೇರೆ ಕಟ್ಟಡದಲ್ಲಿ ಮೊಹರು ಹಾಕಿ ಇಡುವುದು, ಅದು ಯಾರ ವಶದಲ್ಲಿದೆ ಎಂದು ರಿಜಿಸ್ಟರಿನಲ್ಲಿ ಬರೆಯುವುದು ಕನಿಷ್ಠ ಶಿಸ್ತು. ಆದರೆ ದನಿಗೆ ಮುಖವಾಡ ಹಾಕಲಾಗದು. ಹುಟ್ಟಿದ ಬೀದಿ, ಅಣ್ಣನ ಸಾವು, ಜೈಲಿನ ಕೊಠಡಿ, ಇಷ್ಟು ಗೊತ್ತಾದರೆ ಆ ಊರಿನವರಿಗೆ 'ಝಡ್' ಯಾರು ಎಂದು ಊಹಿಸಲು ಕಷ್ಟವಿಲ್ಲ.

ಗೂಢಲಿಪಿ, ಅಂದರೆ ಎನ್‌ಕ್ರಿಪ್ಷನ್, ಕಳ್ಳರಿಂದ ಕಾಪಾಡುತ್ತದೆ, ಕೋರ್ಟಿನಿಂದಲ್ಲ. ಪಾಸ್‌ವರ್ಡ್ ಯಾರ ಬಳಿ ಇದೆಯೋ ಅವರಿಗೇ ಆದೇಶ ಬರುತ್ತದೆ. ಅದಕ್ಕಿಂತ ಸಾಮಾನ್ಯ ಅಪಾಯವೆಂದರೆ 30 ವರ್ಷ ಮುಚ್ಚಿಡುವ ಫೈಲಿನ ಪಾಸ್‌ವರ್ಡ್ ಬಲ್ಲವರು ನಿವೃತ್ತರಾಗಿ ಹೋಗುವುದು. ಆದ್ದರಿಂದ ಪಾಸ್‌ವರ್ಡನ್ನು ಎರಡು ಭಾಗ ಮಾಡಿ ಇಬ್ಬರು ಅಧಿಕಾರಿಗಳ ಹುದ್ದೆಗೆ, ವ್ಯಕ್ತಿಗಲ್ಲ, ಒಪ್ಪಿಸಿ ಮೊಹರಿನ ಲಕೋಟೆಯಲ್ಲಿಡಬೇಕು, ವರ್ಷಕ್ಕೊಮ್ಮೆ ತೆರೆದು ಫೈಲು ತೆರೆಯುತ್ತದೆಯೇ ಎಂದು ನೋಡಬೇಕು.

ಫೈಲುಗಳ ಲೆಕ್ಕ ಸರಳ. 48 ಕಿಲೋಹರ್ಟ್ಸ್, 24 ಬಿಟ್, ಒಂದೇ ಚಾನೆಲ್ಲಿನ ವೇವ್ ಫೈಲು ಗಂಟೆಗೆ ಸುಮಾರು 518 ಎಂಬಿ. ಒಬ್ಬರು ಒಟ್ಟು 10 ಗಂಟೆ ಮಾತಾಡಿದರೆ 5 ಜಿಬಿಗಿಂತ ಸ್ವಲ್ಪ ಹೆಚ್ಚು. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ. ಗ್ರಂಥಾಲಯಕ್ಕೆ ಬಂದ ದಿನವೇ ಪ್ರತಿ ಫೈಲಿನ ಶಾ-256 ಚೆಕ್‌ಸಮ್, ಅಂದರೆ ಫೈಲಿನ ಬೆರಳಚ್ಚಿನಂಥ ಸಂಖ್ಯೆ, ತೆಗೆದು ಬರೆದಿಟ್ಟರೆ, ಮುಂದೆ ಫೈಲು ಬದಲಾಗಿಲ್ಲ ಎಂದು ಕೋರ್ಟಿಗೂ ತೋರಿಸಬಹುದು, ಮೊಮ್ಮಕ್ಕಳಿಗೂ ತೋರಿಸಬಹುದು.

ಸೂಚಿಯ ಕೆಲಸಕ್ಕೆ ಹೆಚ್ಚು ಸಮಯ ಬೇಕು, ಹೆಚ್ಚು ಗ್ರಂಥಾಲಯಗಳು ಎಡವುವುದೂ ಅಲ್ಲೇ. ಒಂದು ಗಂಟೆಯ ಮಾತನ್ನು ಪೂರ್ತಿ ಬರಹಕ್ಕಿಳಿಸಲು 4ರಿಂದ 8 ಗಂಟೆ ಹಿಡಿಯುತ್ತದೆ. ಸಮಯ ಸಹಿತ ಸೂಚಿ ಮಾಡಲು, ಅಂದರೆ ಐದೈದು ನಿಮಿಷಕ್ಕೆ ಎರಡು ಸಾಲು ಸಾರಾಂಶ, ಬಂದ ಹೆಸರುಗಳು, ಜಾಗ, ವರ್ಷ, ಬದುಕಿರುವವರ ಮೇಲೆ ಆಪಾದನೆ ಇದೆಯೇ ಎಂಬ ಗುರುತು, ಇಷ್ಟಕ್ಕೆ ಎರಡು ಮೂರು ಗಂಟೆ ಸಾಕು. ಬೆಲ್‌ಫಾಸ್ಟ್ ಲೆಕ್ಕವನ್ನೇ ತೆಗೆದುಕೊಳ್ಳಿ: 24 ಜನ, 176 ಕೂಟ, ಒಬ್ಬರಿಗೆ ಸರಾಸರಿ ಏಳು. ಕೂಟಕ್ಕೆ ಒಂದೂವರೆ ಗಂಟೆ ಎಂದಿಟ್ಟುಕೊಂಡರೆ ಒಟ್ಟು 264 ಗಂಟೆಯ ಮಾತು. ಸೂಚಿಗೆ ಸುಮಾರು 660 ಗಂಟೆ, ಒಬ್ಬ ತರಬೇತಾದ ಸಿಬ್ಬಂದಿಯ ನಾಲ್ಕು ತಿಂಗಳು. ಅಷ್ಟು ಸಂಬಳ ಬಜೆಟ್ಟಿನಲ್ಲಿ ಇದ್ದಿದ್ದರೆ, ಎರಡನೇ ಸಮನ್ಸ್ ಬಂದ ದಿನ ಕಾಲೇಜಿನ ವಕೀಲರ ಕೈಯಲ್ಲಿ ಒಂದು ಪಟ್ಟಿ ಇರುತ್ತಿತ್ತು. ಸೂಚಿ ಇದ್ದರೆ ಪೊಲೀಸರಿಗೆ ಹುಡುಕುವುದು ಸುಲಭವಾಗುತ್ತದೆ ಎಂಬ ಆಕ್ಷೇಪ ಬರುತ್ತದೆ. ಸೂಚಿ ಇಲ್ಲದ್ದರಿಂದ ಎಲ್ಲವೂ ನ್ಯಾಯಾಧೀಶರ ಮೇಜಿಗೆ ಹೋಯಿತೆಂಬುದು ಅದಕ್ಕೆ ಉತ್ತರ. ಸೂಚಿಯನ್ನು ಟೇಪಿನಷ್ಟೇ ಭದ್ರವಾಗಿ ಇಡಬೇಕು, ಅಷ್ಟೆ.

ಮುಚ್ಚಿಡುವ ಅವಧಿಗೆ ಸಾವಿನ ಷರತ್ತು ಒಂದೇ ಸಾಲದು. ಸಂದರ್ಶಿತರ ಮರಣ, ನಿಗದಿತ ದಿನಾಂಕ, ಇವೆರಡರಲ್ಲಿ ಯಾವುದು ಕೊನೆಗೆ ಬರುತ್ತದೋ ಅಲ್ಲಿಯವರೆಗೆ ಎಂದು ಬರೆದು, ತೆರೆಯುವ ಮುನ್ನ ಸೂಚಿಯಲ್ಲಿ ಹೆಸರಿರುವ ಬದುಕಿರುವ ಇತರರ ಪರಿಶೀಲನೆ ಕಡ್ಡಾಯ ಎಂಬ ಸಾಲು ಸೇರಿಸಬೇಕು. ಯೋಜನೆಯವರೇ ಪುಸ್ತಕ ಬರೆಯಲು ಹೊರಟರೂ ಇದೇ ಪರಿಶೀಲನೆ.

ಹಿಂಪಡೆಯುವ ಹಕ್ಕಿಗೂ ಮಿತಿ ಸ್ಪಷ್ಟವಿರಬೇಕು. ಸಮನ್ಸ್ ಬರುವ ಮುನ್ನ ಬೇಡವೆಂದು ಹೇಳಿ ಟೇಪು ವಾಪಸ್ ಒಯ್ಯಬಹುದು; ಬಂದ ಮೇಲೆ ಅಥವಾ ಬರುತ್ತದೆ ಎಂದು ಗೊತ್ತಾದ ಮೇಲೆ ಒಂದು ಹಾಳೆ ಹರಿದರೂ ಸಾಕ್ಷ್ಯನಾಶವಾಗುತ್ತದೆ, ಮತ್ತು ಆಗ ಜೈಲಿಗೆ ಹೋಗುವವರು ಗ್ರಂಥಾಲಯದವರು. ಸಮನ್ಸ್ ಬಂದ ದಿನ ಮೊದಲು ಮಾಡಬೇಕಾದದ್ದು ಬಂದ ಹೊತ್ತನ್ನು ಬರೆದುಕೊಂಡು ವಕೀಲರಿಗೆ ತಿಳಿಸಿ, ಸಂಗ್ರಹದ ಮೇಲೆ ಯಾರೂ ಕೈಹಾಕದಂತೆ ತಡೆ ಹಾಕುವುದು. ಕಾನೂನು ಅಡ್ಡಿಯಿಲ್ಲದಿದ್ದರೆ ಸಂದರ್ಶಿತರಿಗೆ ಅದೇ ವಾರ ತಿಳಿಸಬೇಕು. ಪತ್ರಿಕೆಯಲ್ಲಿ ಓದಿ ತಿಳಿದುಕೊಳ್ಳುವ ಸ್ಥಿತಿ ಅವರಿಗೆ ಬರಬಾರದು.

ಇನ್ನೊಂದು ದಾರಿ

ಅದೇ ಉತ್ತರ ಐರ್ಲೆಂಡಿನಲ್ಲಿ ಬೇರೆ ಬಗೆಯಲ್ಲಿ ಕಟ್ಟಿದ ಸಂಗ್ರಹವೊಂದಿದೆ. ಪ್ರಿಸನ್ಸ್ ಮೆಮರಿ ಆರ್ಕೈವ್ ಎಂದು ಹೆಸರು. ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದ ಕಾಹಲ್ ಮೆಕ್ಲಾಫ್ಲಿನ್ ಅದರ ನೇತೃತ್ವ ವಹಿಸಿದವರು. 2006 ಮತ್ತು 2007ರಲ್ಲಿ, ಆಗಲೇ ಮುಚ್ಚಿದ್ದ ಆರ್ಮಾ ಮತ್ತು ಮೇಜ್ ಜೈಲುಗಳಿಗೆ ಹಿಂದಿನ ಕೈದಿಗಳು, ಜೈಲು ಸಿಬ್ಬಂದಿ, ಶಿಕ್ಷಕರು, ಭೇಟಿಗೆ ಬರುತ್ತಿದ್ದ ಮನೆಯವರು, ಪಾದ್ರಿಗಳು ಮರಳಿ ಬಂದು, ಖಾಲಿ ಕೊಠಡಿಗಳಲ್ಲಿ ನಡೆದಾಡುತ್ತ ಕ್ಯಾಮೆರಾದ ಮುಂದೆ ಮಾತಾಡಿದರು. ಪ್ರಶ್ನಾವಳಿ ಹಿಡಿದು ಕೂತವರಿಲ್ಲ; ಗೋಡೆ, ಬಾಗಿಲು, ಕಿಟಕಿಯೇ ನೆನಪನ್ನು ಕೆದಕಿದವು. ಮುಖ ಮುಚ್ಚಿಡಲಿಲ್ಲ, ಗುಟ್ಟು ಕಾಯುವ ಮಾತು ಕೊಡಲಿಲ್ಲ. ದೃಶ್ಯದ ಮೇಲೆ ಮಾತಾಡಿದವರಿಗೂ ಸಮಾನ ಒಡೆತನ, ಎಲ್ಲ ಕಡೆಯವರಿಗೂ ಜಾಗ, ಬದುಕಿನ ಕತೆ ಅವರದೇ ರೀತಿಯಲ್ಲಿ: ಈ ಮೂರು ತತ್ವಗಳ ಮೇಲೆ ಅದು ನಿಂತಿದೆ. ಸಂಗ್ರಹ ಈಗ ಉತ್ತರ ಐರ್ಲೆಂಡಿನ ಸಾರ್ವಜನಿಕ ದಾಖಲೆಗಳ ಕಚೇರಿಯಲ್ಲಿದೆ.

ಅಲ್ಲಿ ಕೊಲೆಯ ಆಜ್ಞೆ ಕೊಟ್ಟವರು ಯಾರು ಎಂಬ ಉತ್ತರ ಸಿಗುವುದಿಲ್ಲ. ಒಬ್ಬ ವಾರ್ಡರ್ ಮತ್ತು ಅವನು ಬೀಗ ಹಾಕುತ್ತಿದ್ದ ಕೈದಿ ಒಂದೇ ಕೊಠಡಿಯನ್ನು ಹೇಗೆ ಬೇರೆಬೇರೆಯಾಗಿ ನೆನೆಯುತ್ತಾರೆ ಎಂಬುದು ಸಿಗುತ್ತದೆ. ಯಾವುದು ಬೇಕು ಎಂಬುದನ್ನು ಯೋಜನೆ ಶುರುವಾಗುವ ಮೊದಲೇ ತೀರ್ಮಾನಿಸಬೇಕು, ಏಕೆಂದರೆ ಕಾಗದಗಳು, ಪ್ರಶ್ನೆಗಳು, ಬೀಗಗಳು ಎಲ್ಲವೂ ಆ ತೀರ್ಮಾನದ ಮೇಲೆ ನಿಲ್ಲುತ್ತವೆ.

ಮಿತಿಯನ್ನು ಜೋರಾಗಿ ಓದಿ ಹೇಳಿದ ಮೇಲೆ ಕೆಲವರು 'ಹಾಗಾದರೆ ಬೇಡ' ಎಂದು ಎದ್ದುಹೋಗುತ್ತಾರೆ. ಅವರನ್ನು ಒಲಿಸಲು ಹೋಗಬಾರದು. ರಿಜಿಸ್ಟರಿನಲ್ಲಿ ದಿನಾಂಕ ಹಾಕಿ, ಹೆಸರು ಬರೆಯದೆ, 'ಷರತ್ತು ತಿಳಿಸಲಾಯಿತು, ಧ್ವನಿಮುದ್ರಣ ಆಗಲಿಲ್ಲ' ಎಂದು ಒಂದು ಸಾಲು ಬರೆದು ರೆಕಾರ್ಡರನ್ನು ಚೀಲಕ್ಕೆ ಹಾಕಿಕೊಳ್ಳಬೇಕು.